ಗುಗ್ಗುಳದ ಅಂಟಿನಿಂದ ಸಿಗುವುದೆಷ್ಟು?

ರಾಜಸ್ಥಾನ ಮತ್ತು ಕಛ್‌ನ ಒಣನೆಲದಲ್ಲಿ ಬೆಳೆಯುವ ಗುಗ್ಗುಳ ಗಿಡದ ಬಗ್ಗೆ ಬಂದಿರುವ ಲೇಖನವೊಂದು, ಅದರ ತೊಗಟೆಯಿಂದ ಒಸರುವ ಔಷಧೀಯ ಅಂಟನ್ನು ದ್ರಾವಕದಲ್ಲಿ ಕರಗಿಸಿದೊಡನೆ ಅದರಲ್ಲಿನ ಕ್ರಿಯಾಶೀಲ ಸಂಯುಕ್ತವಾದ ಗುಗ್ಗುಲ್‌ಸ್ಟಿರೋನ್ ಕೈಸೇರುತ್ತದೆ ಎಂಬಂತೆ ಒಂದೇ ವಾಕ್ಯದಲ್ಲಿ ಮಾತು ಮುಗಿಸಿದೆ. ವಾಸ್ತವದಲ್ಲಿ ಈಥೈಲ್ ಅಸಿಟೇಟ್ ಎಂಬ ದ್ರಾವಕದಲ್ಲಿ ಅಂಟಿನ ಸುಮಾರು ಶೇ. 45 ಭಾಗವಷ್ಟೇ ಕರಗುತ್ತದೆ. ಕರಗಿದ ಭಾಗದಿಂದ ಆಮ್ಲೀಯ ಮತ್ತು ಕ್ಷಾರೀಯ ಅಂಶಗಳನ್ನು ತೆಗೆದ ಮೇಲೆ ಉಳಿಯುವ ತಟಸ್ಥ ಭಾಗದಲ್ಲಿ ಕೀಟೋನುಗಳ (ಗುಗ್ಗುಲ್‌ಸ್ಟಿರೋನ್ ಸೇರಿರುವ ಸಂಯುಕ್ತಗಳ ಗುಂಪು) ಪಾಲು ಸುಮಾರು ಶೇ. 12 ಮಾತ್ರ, ಲೆಕ್ಕ ಹಾಕಿದರೆ 100 ಗ್ರಾಂ ಅಂಟಿಗೆ ಅಂದಾಜು 5 ಗ್ರಾಂ. ಈ ಕೀಟೋನುಗಳನ್ನು, ಅವುಗಳೊಡನೆ ಕೂಡಿಕೊಳ್ಳುವ ಸೆಮಿಕಾರ್ಬಜೈಡ್ ಎಂಬ ರಾಸಾಯನಿಕದ ನೆರವಿನಿಂದ ಪ್ರತ್ಯೇಕಿಸಿ, ಬಳಿಕ ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿ ವಿಧಾನಕ್ಕೆ ಒಳಪಡಿಸಿದಾಗಲೇ ಗುಗ್ಗುಲ್‌ಸ್ಟಿರೋನಿನ ಇ ಮತ್ತು ಝಡ್ ರೂಪಗಳು ಬೇರೆಬೇರೆಯಾಗಿ ದೊರೆಯುತ್ತವೆ. ಎರಡರಲ್ಲೂ ಇರುವ ಪರಮಾಣುಗಳು ಅವೇ, ಜೋಡಣೆಯ ದಿಕ್ಕು ಮಾತ್ರ ಬೇರೆ.

ಇನ್ನೊಂದು ಮಾತು. 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿಯವರು ಮೊಲಗಳಲ್ಲಿ ಗುಗ್ಗುಳದ ಕೊಲೆಸ್ಟ್ರಾಲ್ ಇಳಿಸುವ ಗುಣವನ್ನು ತೋರಿಸಿದ್ದನ್ನು ಲೇಖಕರು ಉತ್ಸಾಹದಿಂದಲೇ ನೆನೆದಿದ್ದಾರೆ, ಸಂತೋಷ. ಆದರೆ 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗುಗ್ಗುಳದ ಸಾರ ಸೇವಿಸಿದವರ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಕಡಿಮೆಯಾಗುವ ಬದಲು ತುಸು ಏರಿತ್ತೆಂಬುದನ್ನು, ಕೆಲವರಲ್ಲಿ ಚರ್ಮದ ಮೇಲೆ ದದ್ದು ಕಾಣಿಸಿಕೊಂಡಿತೆಂಬುದನ್ನು ಅವರು ಬಿಟ್ಟಿದ್ದೇಕೆ? ಹೆಚ್ಚು ಅಂಟಿನ ಆಸೆಯಿಂದ ತೊಗಟೆಗೆ ಆಳವಾಗಿ ಗಾಯ ಮಾಡಿದ ಗಿಡಗಳು ಸಾಯುತ್ತಿರುವ ಈ ಹೊತ್ತಿನಲ್ಲಿ, ಆ ಪರೀಕ್ಷೆಯ ಫಲಿತಾಂಶ ಬಿಡಬಹುದಾದ ವಿವರವಲ್ಲ.