ಮೂರು ವಾರ ಆಯ್ತು, ನಾಯಿಗೊಂದು ಹೆಸರಿಡೋಕೆ ಬಿಡ್ತಿಲ್ಲ

ನಮ್ದು ಗ್ರೇಟ್ ಡೇನ್, ಹೆಸರಲ್ಲಿ ಡೇನ್ ಅಂತಿದ್ರೂ ಜರ್ಮನಿ ತಳಿ, ಅರವತ್ತು ಕೆಜಿ ಹತ್ರ ಇದ್ದಾನೆ. ಮನೆಗೆ ಬಂದೋರೆಲ್ಲ ಟಾಮಿ ಅಂತಾರೆ, ಟೈಗರ್ ಅಂತಾರೆ, ಅವ್ನು ಯಾರ್ ಕರೆದ್ರೂ ಒಂದ್ಸಲ ತಿರುಗಿ ನೋಡಿ ಮತ್ತೆ ನನ್ ಮುಖನೇ ನೋಡ್ತಾನೆ, ಹೊಟ್ಟೆ ಉರಿಯುತ್ತೆ ಕಣ್ರೀ. ಒಬ್ರಂತೂ ದುರ್ಗದೋನು ಅಲ್ವಾ, ಮದಕರಿ ಅಂತಿಡು ಅಂದ್ರು. 1779ರಲ್ಲಿ ಹೈದರಾಲಿ ಕೈಗೆ ಸಿಗೋವರ್ಗೂ ಈ ಕೋಟೆ ಕಾದ ನಾಯಕರ ಹೆಸರು ಹಿಡ್ದು "ಏಯ್ ಬಾರೋ, ಕೂತ್ಕೋ" ಅನ್ನೋಕೆ ನನ್ ಬಾಯಿ ಬರಲ್ಲ, ಬರೋದೂ ಬೇಡ.

ಅಮ್ಮಂಗೆ ಜ್ವರ ಬಂದಾಗ ಎರಡು ದಿನ ಮಂಚದ ಪಕ್ಕ ಬಿಟ್ಟು ಏಳ್ಲಿಲ್ಲ ಅವ್ನು, ಅಷ್ಟು ದೊಡ್ಡ ತಲೆ ತಂದು ಅವ್ಳ ಅಂಗೈ ಮೇಲಿಟ್ಟು, ಸೆರಗೆಲ್ಲ ಜೊಲ್ಲು, ರೊಟ್ಟಿ ತಟ್ಟೆ ಅಲ್ಲೇ ಒಣಗೋಯ್ತು. ಅಂಥೋನಿಗೆ ಸಿಕ್ಕಿದ್ದೊಂದು ಹೆಸರಾ?

ಭೈರ ಅಂತ ಇಟ್ಟಿದೀನಿ. ಕಾಲಭೈರವನ ವಾಹನನೇ ನಾಯಿ, ಎರಡಕ್ಷರ, ದೂರದಿಂದ ಕೂಗಿದ್ರೂ ಕೇಳುತ್ತೆ. ದಯವಿಟ್ಟು ಇನ್ಮೇಲೆ ಟಾಮಿ ಅನ್ಬೇಡಿ, ಈಗೀಗ ಭೈರಾ ಅಂದ್ರೆ ಕಿವಿ ನಿಮಿರಿಸ್ತಿದಾನೆ.