ಪಿಂಕ್ ಫ್ಲಾಯ್ಡ್ ಅಂದರೆ ಮೂರೇ ಕಾಲ ಅಲ್ಲ

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಬಗ್ಗೆ ಮಾತು ಬಂದರೆ ಎಲ್ಲರೂ ಹೇಳುವ ಲೆಕ್ಕ ಒಂದೇ. ಮೊದಲು ಸಿಡ್ ಬ್ಯಾರೆಟ್ ಕಾಲ, ಆಮೇಲೆ ರೋಜರ್ ವಾಟರ್ಸ್ ಕಾಲ, ಕೊನೆಗೆ ಡೇವಿಡ್ ಗಿಲ್ಮೋರ್ ಕಾಲ. ರಾಜರ ಆಳ್ವಿಕೆ ಬರೆದ ಹಾಗೆ. ನನಗಿದು ಒಪ್ಪಿಗೆಯಿಲ್ಲ. ಈ ಲೆಕ್ಕದಲ್ಲಿ ಕೀಬೋರ್ಡ್ ನುಡಿಸಿದ ರಿಚರ್ಡ್ ರೈಟ್ ಕಾಣಿಸುವುದೇ ಇಲ್ಲ.

ಬ್ಯಾರೆಟ್ ಬಗ್ಗೆ ತಕರಾರಿಲ್ಲ. 1967ರ ಮೊದಲ ಆಲ್ಬಮ್ ಹೆಚ್ಚುಕಡಿಮೆ ಅವರದೇ. 1968ರಲ್ಲಿ ಅವರು ಹೊರಬಿದ್ದರು. ಅಷ್ಟರಲ್ಲಿ ಗಿಲ್ಮೋರ್ ಸೇರಿಕೊಂಡಿದ್ದರು. ಆದರೆ ಹಾಡು ಬರೆಯುತ್ತಿದ್ದ ಮುಖ್ಯ ವ್ಯಕ್ತಿಯೇ ಇಲ್ಲ! ಉಳಿದ ನಾಲ್ವರೂ ಕೂತು, ನುಡಿಸುತ್ತಲೇ ದಾರಿ ಹುಡುಕಬೇಕಾಯಿತು.

ಈ ವರ್ಷಗಳನ್ನು ಜನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್ ಆಲ್ಬಮ್‌ಗೆ ತಯಾರಿ' ಅಂತ ಸುಮ್ನೆ ದಾಟಿಬಿಡುತ್ತಾರೆ. ಬೇಜಾರಾಗುತ್ತದೆ. 1971ರ ಮೆಡಲ್ ಆಲ್ಬಮ್‌ನ 'ಎಕೋಸ್' ಕೇಳಿ. 23 ನಿಮಿಷಕ್ಕೂ ಜಾಸ್ತಿ, ರೆಕಾರ್ಡಿನ ಒಂದಿಡೀ ಬದಿ. ಶುರುವಿನ ಆ 'ಪಿಂಗ್' ಇದೆಯಲ್ಲ, ಅದು ರೈಟ್ ಪಿಯಾನೋದ ಒಂದೇ ಸ್ವರ, ದನಿಯನ್ನು ಸುತ್ತಿಸುವ ಲೆಸ್ಲಿ ಸ್ಪೀಕರ್ ಮೂಲಕ ಬಂದದ್ದು. ಸಾಹಿತ್ಯ ವಾಟರ್ಸ್‌ದು. ಹಾಡಿದ್ದು ಗಿಲ್ಮೋರ್ ಮತ್ತು ರೈಟ್, ಒಟ್ಟಿಗೆ. ರಚನೆಗೆ ಡ್ರಮ್ಮರ್ ನಿಕ್ ಮೇಸನ್ ಸೇರಿ ನಾಲ್ವರ ಹೆಸರೂ ಇದೆ. ಇದು ಯಾರ ಕಾಲ, ಹೇಳಿ?

1973ರ ಡಾರ್ಕ್ ಸೈಡ್ ಕೂಡ ಇದೇ ಕಾಲದ್ದು ಅಂತ ನನ್ನ ವಾದ. ಸಾಹಿತ್ಯವೆಲ್ಲ ವಾಟರ್ಸ್ ಬರೆದದ್ದು, ನಿಜ. ಆದರೆ 'ಅಸ್ ಅಂಡ್ ದೆಮ್' ಹುಟ್ಟಿದ್ದು ರೈಟ್ ಪಿಯಾನೋದಲ್ಲಿ. 'ಟೈಮ್'ಗೆ ಮತ್ತೆ ನಾಲ್ವರ ಹೆಸರೂ ಇದೆ.

ಗೆರೆ ಎಳೆಯಬೇಕಾದ್ದು 1975 ಮತ್ತು 1977ರ ನಡುವೆ. 1975ರ ಆಲ್ಬಮ್ ವಿಶ್ ಯು ವರ್ ಹಿಯರ್ ಮುಗಿಯುವುದು ರೈಟ್ ಒಬ್ಬರೇ ರಚಿಸಿದ ಭಾಗದಿಂದ. ಮುಂದಿನ ಆಲ್ಬಮ್, 1977ರ ಅನಿಮಲ್ಸ್‌ನಲ್ಲಿ ಅವರ ಹೆಸರಿಗೆ ಒಂದು ಹಾಡೂ ಇಲ್ಲ. ಅದರ ಮುಂದಿನ ಆಲ್ಬಮ್ ದಿ ವಾಲ್ ತಯಾರಾಗುವಾಗ ಅವರನ್ನು ತಂಡದಿಂದಲೇ ತೆಗೆದರು. ಆಮೇಲಿನ ಶೋಗಳಲ್ಲಿ ಅವರು ಸಂಬಳಕ್ಕೆ ನುಡಿಸಿದರು. ತಾವೇ ಕಟ್ಟಿದ ತಂಡದಲ್ಲಿ! 1983ರ ಫೈನಲ್ ಕಟ್‌ನಲ್ಲಂತೂ ಅವರಿಲ್ಲವೇ ಇಲ್ಲ. ದಿ ವಾಲ್ ದೊಡ್ಡ ಕೆಲಸ, ಎರಡು ಮಾತಿಲ್ಲ. 'ಕಂಫರ್ಟಬ್ಲಿ ನಂಬ್' ಥರದ ಕೆಲವು ಬಿಟ್ಟರೆ ಅದು ವಾಟರ್ಸ್ ಒಬ್ಬರ ಕಥೆ, ಉಳಿದವರು ನುಡಿಸಿಕೊಟ್ಟದ್ದು. ನಿಜವಾದ ವಾಟರ್ಸ್ ಕಾಲ ಇಷ್ಟೇ.

ವಾಟರ್ಸ್ ಹೋದ ಮೇಲೆ ಬಂದ 1987ರ ಆಲ್ಬಮ್ ಗಿಲ್ಮೋರ್‌ದು, ಸರಿ. 1994ರ ಡಿವಿಷನ್ ಬೆಲ್ ಹಾಗಲ್ಲ. ರೈಟ್ ಮತ್ತೆ ತಂಡದ ಪೂರ್ತಿ ಸದಸ್ಯರಾಗಿದ್ದರು, ಹಲವು ಹಾಡುಗಳ ರಚನೆಯಲ್ಲಿ ಕೈ ಸೇರಿಸಿದರು, ಒಂದನ್ನು ತಾವೇ ಮುಖ್ಯ ದನಿಯಾಗಿ ಹಾಡಿದರು. ಇವೆರಡನ್ನೂ 'ಗಿಲ್ಮೋರ್ ಕಾಲ' ಅಂತ ಒಂದೇ ಗಂಟಿಗೆ ಕಟ್ಟಬೇಡಿ.