ಹಳೇ ಮನೆ ಮ್ಯೂಸಿಯಮ್ಮಿಗೆ ಊರವರ ಸಾಮಾನು ಬೇಕೇ?

ಪರ: ಕೊಡುವವರಿದ್ದಾಗಲೇ ಇಸ್ಕೊಳ್ಳಿ

ನಮ್ಮ ಕೊಪ್ಪದ ಕಡೆ ಇನ್ನೂ ಕೆಲವು ತೊಟ್ಟಿಮನೆಗಳು ಉಳಿದಿವೆ. ಅದರಲ್ಲೊಂದನ್ನು ಮ್ಯೂಸಿಯಂ ಮಾಡಿದರೆ ಒಳಗೆ ಏನಿಡಬೇಕು? ಸುತ್ತಲಿನ ಮನೆಗಳವರು ಕೊಡುವ ಸಾಮಾನನ್ನೇ ಇಡಬೇಕು. ಖಾಲಿ ಜಗಲಿ, ಖಾಲಿ ಅಡುಗೆಮನೆ ನೋಡೋಕೆ ಯಾರು ಬರುತ್ತಾರೆ? ಕುವೆಂಪು ಬೆಳೆದ, ಈಗ ಮ್ಯೂಸಿಯಂ ಆಗಿರುವ ಕುಪ್ಪಳಿಯ ಕವಿಮನೆಗೆ ಹೋಗಿ ನೋಡಿ. ಹಳೇ ಪಾತ್ರೆಪಗಡ, ಬೇಸಾಯದ ಸಾಮಾನು ಇರುವುದಕ್ಕೇ ಅದು ಜನ ಬಾಳಿದ ಮನೆ ಅನ್ನಿಸುತ್ತದೆ.

ನಮ್ಮ ದೊಡ್ಡಮ್ಮನ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇತ್ತು. ಕಂಠದ ಹತ್ತಿರ ಬೆಸುಗೆ ಹಾಕಿದ ಗುರುತು, ತಳದಲ್ಲಿ ಗಟ್ಟಿಯಾದ ಮಸಿ. ನೀರು ತುಂಬುವ ಹಬ್ಬದ ದಿನ ಅದಕ್ಕೆ ಜೇಡಿ, ಕೆಮ್ಮಣ್ಣಿನ ಪಟ್ಟೆ ಬಳಿದು ಬಳ್ಳಿ ಸುತ್ತುವ ಕೆಲಸ ನನ್ನದೇ. ಗೀಸರ್ ಬಂದ ವರ್ಷ ಹಂಡೆ ಹಿತ್ತಲಿಗೆ ಹೋಯಿತು. ನಾನು ದೀಪಾವಳಿಗೆ ಊರು ಮುಟ್ಟುವಷ್ಟರಲ್ಲಿ ಗುಜರಿಯವನು ಕೆಜಿ ಲೆಕ್ಕದಲ್ಲಿ ತೂಗಿಸಿಕೊಂಡು ಹೋಗಿದ್ದ. ಆ ಸಲ ಪಟ್ಟೆ ಬಳಿಯೋಕೆ ಪ್ಲಾಸ್ಟಿಕ್ ಡ್ರಮ್ಮಿತ್ತು. ನಾನು ಬಳಿಯಲಿಲ್ಲ.

ಕೊಳಗ, ಸೇರುಗಳ ಗತಿಯೂ ಅಷ್ಟೇ. 1958ರಿಂದ ಮೆಟ್ರಿಕ್ ಅಳತೆ ಜಾರಿಯಾಗುತ್ತಾ ಬಂದ ಮೇಲೆ ಮೂಲೆ ಸೇರಿದವು. ಮಳೆಗೆ ತಲೆ, ಬೆನ್ನು ಮುಚ್ಚಿಕೊಳ್ಳುವ ಗೊರಬು ಹೆಣೆಯುವವರೂ ಈಗ ಅಪರೂಪ. ಆ ಸಾಮಾನು ಅದೇ ಮನೆಯದಲ್ಲ ಅಂತ ಕೆಲವರ ತಕರಾರು. ಅದೇ ಸೀಮೆಯದು ತಾನೇ? ಗುಜರಿಯವನು ಹಾಗೆಲ್ಲ ಕೇಳುತ್ತಾ ನಿಲ್ಲುವುದಿಲ್ಲ, ಹೊತ್ತುಕೊಂಡು ಹೋಗುತ್ತಾನೆ. ನಾವೇ ಮೊದಲು ಹೋಗಬೇಕು.

ವಿರೋಧ: ಆ ಮನೆಯದಿದ್ದರೆ ಮಾತ್ರ ಇಡಿ

ಬೇಡ ಅನ್ನುವ ಕಡೆಯಿಂದ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಹಳೇ ಸಾಮಾನು ಉಳಿಯಬೇಕು ಅನ್ನೋದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಕೊಟ್ಟಿದ್ದೆಲ್ಲ ತಂದು ತುಂಬಿದರೆ ಮನೆ ಉಗ್ರಾಣವಾಗುತ್ತದೆ. 1880ರಲ್ಲಿ ಕಟ್ಟಿದ ಮನೆ ಆಗ ಹೇಗಿತ್ತೋ ಹಾಗೇ ಇದೆ ಅಂತ ಹೇಳಿ ಜಗಲಿಗೆ ಪೆಟ್ರೋಮ್ಯಾಕ್ಸ್ ನೇತುಹಾಕಿದರೆ ಅದು ಸುಳ್ಳಲ್ವಾ? ಆ ದೀಪ ಬಂದಿದ್ದೇ 1910ರ ಸುಮಾರಿಗೆ. ಬಂದ ಮಕ್ಕಳು ಅದನ್ನೇ ನಂಬಿಕೊಂಡು ಹೋಗುತ್ತಾರೆ.

ಕಾಯುವ ಕೆಲಸವೂ ಸುಲಭವಲ್ಲ. ಕವಿಮನೆಯಿಂದಲೇ 2015ರಲ್ಲಿ ಕುವೆಂಪು ಅವರ ಪದ್ಮ ಪದಕಗಳು ಕಳುವಾದವು.

ಸಕಲೇಶಪುರದ ಕಡೆ ಹೀಗೇ ಒಂದು ಪ್ರದರ್ಶನಕ್ಕೆ ನಮ್ಮ ಮನೆಯ ತೊಟ್ಟಿಲು ಕೊಟ್ಟಿದ್ದೆವು. ಬೀಟೆ ಮರದ್ದು ಅಂತಲೇ ಅಜ್ಜಿ ಹೇಳುತ್ತಿದ್ದರು. ಮಳೆಗಾಲ ಕಳೆದು ಅಮ್ಮನನ್ನು ಕರೆದುಕೊಂಡು ಹೋದೆ. ತೊಟ್ಟಿಲ ಕೆಳಗೆ ನೆಲದ ಮೇಲೆ ಸಣ್ಣ ರವೆಯಂಥ ಪುಡಿ ಬಿದ್ದಿತ್ತು. ಅಡಿಯ ಪಟ್ಟಿಯಲ್ಲಿ ಸೂಜಿ ಚುಚ್ಚಿದ ಹಾಗೆ ಸಾಲು ತೂತು, ಕುಟ್ಟೆ ಹಿಡಿದಿತ್ತು. ಕೊಟ್ಟವರ ಹೆಸರು ಬರೆದ ಚೀಟಿಯೂ ಎಲ್ಲೋ ಬಿದ್ದುಹೋಗಿತ್ತು. ಯಾರನ್ನು ಕೇಳಿದರೂ ಸಾಮಾನು ಬರೆದಿಟ್ಟ ಪುಸ್ತಕ ಇಲ್ಲ ಅಂದರು. ಅಮ್ಮ ಸೆರಗಿನ ತುದಿಯಲ್ಲಿ ಆ ಪುಡಿ ಒರೆಸಿದರು. ಮನೆಗೆ ವಾಪಸ್ ಕೊಡ್ತೀರಾ ಅಂತ ಅಲ್ಲಿದ್ದ ಹುಡುಗನನ್ನು ಕೇಳಿದರು.